ಓದು ತಾನಾಗಿ ಬಾರದ ಮಕ್ಕಳು

(ಪೋಷಕರು ಮತ್ತು ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಈಗ ಪರದೆಯ ಮೇಲೆ ಒಂದು ಪದ ಬರುತ್ತದೆ. ದಯವಿಟ್ಟು ಅದನ್ನು ಓದಬೇಡಿ. ಬರೀ ಆಕಾರ ನೋಡಿ. ತಲೆಕಟ್ಟು ಹೇಗಿದೆ, ಸುತ್ತು ಎಲ್ಲಿದೆ, ಅಷ್ಟೇ.

(ಪರದೆಯ ಮೇಲೆ ‘ಮಳೆ’ ಎಂಬ ಪದ.)

ನಗುತ್ತಿದ್ದೀರಿ. ಆಗಲಿಲ್ಲ, ಅಲ್ಲವೇ? ಬೇಡವೆಂದರೂ ಓದಿಬಿಟ್ಟಿರಿ. ಓದು ಒಮ್ಮೆ ಕೈವಶವಾದರೆ ಅದನ್ನು ತಡೆಯಲು ನಮ್ಮಿಂದಲೇ ಆಗುವುದಿಲ್ಲ. ಅಷ್ಟು ಸಲೀಸಾಗಿ ಬಂದುಬಿಡುವುದರಿಂದ ಇದು ಒಂದು ಕಾಲದಲ್ಲಿ ಕಲಿತ ವಿದ್ಯೆ ಅನ್ನುವುದನ್ನೇ ಮರೆತಿರುತ್ತೇವೆ. ಎದುರಿಗೆ ಕೂತ ಎಂಟು ವರ್ಷದ ಮಗು ಅದೇ ಪದಕ್ಕೆ ತಡವರಿಸಿದಾಗ ನಮ್ಮ ಬಾಯಿಂದ ಬರುವ ಮಾತು ಒಂದೇ: ‘ಸರಿಯಾಗಿ ನೋಡು!’

ನಾನು ಈ ಹೊತ್ತು ಹೇಳಬೇಕೆಂದಿರುವುದೆಲ್ಲ ಆ ‘ನೋಡು’ ಅನ್ನುವ ಮಾತಿನ ಸುತ್ತಲೇ ಇದೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಗೆ ಸಂಬಂಧವಿಲ್ಲದೆ ಓದು ಕಲಿಯುವುದೇ ಕಷ್ಟವಾಗುವ ತೊಂದರೆ, ಇರುವ ಮಗು ಸರಿಯಾಗಿಯೇ ನೋಡುತ್ತಿರುತ್ತದೆ. ಅದರ ಕಷ್ಟ ಇರುವುದು ದನಿಯ ಕಡೆ. ನಾವು ಮಾತ್ರ ಕಣ್ಣಿಗೆ, ಕೈಬರಹಕ್ಕೆ, ಇಲ್ಲವೇ ಮಗುವಿನ ಮನಸ್ಸಿಗೆ ಚಿಕಿತ್ಸೆ ಮಾಡುತ್ತ ವರ್ಷಗಳನ್ನು ಕಳೆಯುತ್ತೇವೆ.

ಮಾತು ಮನುಷ್ಯನ ಹುಟ್ಟುಗುಣ. ಸುತ್ತ ಮಾತಾಡುವವರಿದ್ದರೆ ಮಗು ಮಾತಾಡುತ್ತದೆ, ಅದಕ್ಕೆ ಪಾಠ ಬೇಕಿಲ್ಲ. ಬರವಣಿಗೆ ಹಾಗಲ್ಲ. ಅದು ಹುಟ್ಟಿ ಐದು ಸಾವಿರ ವರ್ಷಗಳ ಆಸುಪಾಸು ಆಗಿದೆ, ಅಷ್ಟೇ. ಓದಿಗೆಂದೇ ಮಿದುಳಿನಲ್ಲಿ ಒಂದು ಭಾಗ ಹುಟ್ಟಿಕೊಳ್ಳಲು ಅಷ್ಟು ಕಾಲ ಏನೇನೂ ಸಾಲದು. ಹಾಗಾಗಿ ಓದಲು ಕಲಿಯುವ ಪ್ರತಿಯೊಂದು ಮಗುವಿನ ಮಿದುಳೂ ಬೇರೆ ಕೆಲಸಕ್ಕೆಂದು ಇದ್ದ ಜಾಗಗಳನ್ನು ಓದಿಗೆ ಒಗ್ಗಿಸಿಕೊಳ್ಳಬೇಕಾಗುತ್ತದೆ. ಎಡ ಮಿದುಳಿನ ಹಿಂಭಾಗದ ಕೆಳಗೆ, ಮುಖಗಳನ್ನೂ ವಸ್ತುಗಳನ್ನೂ ಗುರುತಿಸುವ ಪ್ರದೇಶದ ಒಂದು ತುಣುಕು ಅಕ್ಷರಗಳಿಗೆ ಮೀಸಲಾಗುತ್ತದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ದಹಾನ್ ಮತ್ತು ಸಂಗಡಿಗರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಆ ತುಣುಕು ಮಾತಿನ ಪ್ರದೇಶಗಳ ಜೊತೆ ಗಟ್ಟಿಯಾಗಿ ಬೆಸೆದುಕೊಂಡಾಗ ಓದು ಸಲೀಸಾಗುತ್ತದೆ. ಡಿಸ್ಲೆಕ್ಸಿಯಾದಲ್ಲಿ ಈ ಬೆಸುಗೆ ನಿಧಾನ, ಸಡಿಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಇದು ಹೊಸ ಸಂಗತಿಯೇನಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ. ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಅಂಕಿಗಳನ್ನು ಪಟಪಟನೆ ಓದುತ್ತಾನೆ, ಬೀಜಗಣಿತದ ಲೆಕ್ಕ ಬಿಡಿಸುತ್ತಾನೆ. ಅಕ್ಷರ ಮಾತ್ರ ಹತ್ತುವುದಿಲ್ಲ. ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ ‘ಪ್ರೆಸಿ’ ಎಂದು ಬರೆಯುತ್ತಾನೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದಿನ ಆ ಮೇಷ್ಟರಿಗೆ ಕಂಡದ್ದು ಇವತ್ತಿನ ಎಷ್ಟೋ ಪ್ರಗತಿಪತ್ರಗಳಲ್ಲಿ ಕಾಣುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಆದರೆ ಆಗ ಈ ಸಮಸ್ಯೆಯ ಬೆನ್ನುಹತ್ತಿದವರಲ್ಲಿ ಕಣ್ಣಿನ ವೈದ್ಯರು ಮುಂದಿದ್ದರು. 1887ರಲ್ಲಿ ಡಿಸ್ಲೆಕ್ಸಿಯಾ ಎಂಬ ಹೆಸರು ಕೊಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯರು. ಗ್ಲಾಸ್ಗೋದ ಜೇಮ್ಸ್ ಹಿನ್‌ಶೆಲ್‌ವುಡ್ ಕೂಡ ಕಣ್ಣಿನ ಶಸ್ತ್ರವೈದ್ಯರು. ‘ಪದಗುರುಡು’, ಅಂದರೆ ಕಣ್ಣು ಸರಿಯಿದ್ದರೂ ಪದ ಮಾತ್ರ ಗುರುತು ಹತ್ತದಿರುವುದು, ಎಂಬ ಕಲ್ಪನೆ ಆಗ ಚಾಲ್ತಿಯಲ್ಲಿತ್ತು. ಮುಂದೆ 1925ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್, ಅಕ್ಷರಗಳ ಚಿತ್ರ ಮಿದುಳಿನ ಎರಡು ಪಾಲುಗಳಲ್ಲಿ ತಿರುಗುಮುರುಗಾಗಿ ಕೂರುವುದೇ ಕಾರಣ ಎಂದರು. ಅವರ ಸಿದ್ಧಾಂತ ನಿಲ್ಲಲಿಲ್ಲ. ತಮಾಷೆಯೆಂದರೆ, ಅವರೂ ಆನಾ ಗಿಲಿಂಗಮ್ ಎಂಬ ಶಿಕ್ಷಕಿಯೂ ಸೇರಿ ರೂಪಿಸಿದ ಕಲಿಸುವ ಕ್ರಮ ಮಾತ್ರ ನಿಂತಿತು. ದನಿ, ಅಕ್ಷರ, ಕೈಚಲನೆ ಮೂರನ್ನೂ ಒಟ್ಟಿಗೆ ಸೇರಿಸಿ, ಸುಲಭದಿಂದ ಕಷ್ಟದ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತಿಸುವ ಕ್ರಮ ಅದು. ಕಾರಣ ತಪ್ಪಿದ್ದರೂ ಮದ್ದು ಸರಿಯಿತ್ತು.

1970ರ ದಶಕದಲ್ಲಿ ಗಮನ ಕಣ್ಣಿನಿಂದ ಕಿವಿಯ ಕಡೆ ತಿರುಗಿತು. ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ ಇದೆ. ಮಕ್ಕಳಿಗೆ ಒಂದು ಪದ ಹೇಳಿ, ಅದರಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಮೇಜು ಕುಟ್ಟಲು ಹೇಳುವುದು. ಉಚ್ಚಾರದ ತುಂಡು, ಅಂದರೆ ನಮ್ಮ ಲೆಕ್ಕದಲ್ಲಿ ‘ಕ-ಮ-ಲ’ ಎಂಬಂತೆ ಕುಟ್ಟುವುದು ನಾಲ್ಕು ವರ್ಷದ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಬಂತು. ಅದಕ್ಕಿಂತ ಸಣ್ಣ ತುಂಡು, ಅಂದರೆ ‘ಕ’ದೊಳಗಿನ ‘ಕ್’ ಮತ್ತು ‘ಅ’ ಬೇರೆ ಮಾಡಿ ಕುಟ್ಟುವುದು ಆ ವಯಸ್ಸಿನ ಒಬ್ಬರಿಗೂ ಬರಲಿಲ್ಲ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಶೇ. 70ರಷ್ಟು ಮಕ್ಕಳಿಗೆ ಬಂದಿತ್ತು. ಮಾತಾಡುವಾಗ ದನಿಗಳು ಒಂದರೊಳಗೊಂದು ಕರಗಿರುತ್ತವೆ. ಓದುವವನಿಗೆ ಅವನ್ನು ಬಿಡಿಸಿ ಹಿಡಿಯಲು ಬರಬೇಕು. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಈ ಬಿಡಿಸುವ ಕೆಲಸವೇ ತೊಡಕು. ಇನ್ನು ಕೆಲವರಿಗೆ ಕಂಡದ್ದರ ಹೆಸರು ಥಟ್ಟನೆ ಬಾಯಿಗೆ ಬರುವುದಿಲ್ಲ. ಬಣ್ಣ, ಅಂಕಿ, ಚಿತ್ರ ಎಲ್ಲ ಗೊತ್ತು, ಆದರೆ ಸಾಲಾಗಿ ಬೇಗಬೇಗ ಹೆಸರಿಸು ಎಂದರೆ ತಡವಾಗುತ್ತದೆ. ಎರಡೂ ಇರುವ ಮಕ್ಕಳ ಓದು ಎಲ್ಲರಿಗಿಂತ ಕಷ್ಟದ್ದು.

ನಮ್ಮ ಲಿಪಿಯ ವಿಷಯಕ್ಕೆ ಬರುತ್ತೇನೆ. ‘ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಇಲ್ಲಿ ಡಿಸ್ಲೆಕ್ಸಿಯಾ ಇಲ್ಲ’ ಎಂಬ ಮಾತನ್ನು ಶಿಕ್ಷಕರ ಬಾಯಲ್ಲೂ ಕೇಳಿದ್ದೇನೆ. ಅರ್ಧ ನಿಜ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರ, ನಮ್ಮಲ್ಲಿ ಆ ಗೋಜಲು ಇಲ್ಲ. 2001ರಲ್ಲಿ ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳ ಡಿಸ್ಲೆಕ್ಸಿಯಾ ಇರುವ ವಯಸ್ಕರನ್ನು ಹೋಲಿಸಿ ನೋಡಿದರು. ಬರೆದಂತೆಯೇ ಓದುವ ಭಾಷೆಯಾದ ಇಟಾಲಿಯನ್‌ನವರು ಉಳಿದವರಿಗಿಂತ ತಪ್ಪಿಲ್ಲದೆ ಓದಿದರು. ಆದರೆ ಓದುವಾಗಿನ ಮಿದುಳಿನ ಚಟುವಟಿಕೆ ಮೂವರಲ್ಲೂ ಎಡಭಾಗದ ಅದೇ ಜಾಗದಲ್ಲಿ ಕಡಿಮೆಯಿತ್ತು. ನೇರ ಲಿಪಿಯಲ್ಲಿ ತೊಂದರೆ ಮಾಯವಾಗುವುದಿಲ್ಲ, ತಪ್ಪಿನ ರೂಪ ಬಿಟ್ಟು ನಿಧಾನದ ರೂಪ ತಾಳುತ್ತದೆ. ನಿಧಾನವಾಗಿ ಓದುವ ಮಗುವನ್ನು ನಾವು ಗಮನಿಸುವುದಿಲ್ಲ, ಗದರುತ್ತೇವೆ, ಅಷ್ಟೇ.

ಇನ್ನು ನಮ್ಮ ಲಿಪಿ ಸುಲಭ ಎನ್ನುವುದೂ ಪೂರ್ತಿ ಸರಿಯಲ್ಲ. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷಿನ ಅಕ್ಷರಗಳನ್ನು ಕಲಿತಷ್ಟು ಬೇಗ ನಮ್ಮ ಅಕ್ಷರಗಳ ಕಲಿಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ದನಿಯನ್ನು ಸಣ್ಣ ತುಂಡಾಗಿ ಬಿಡಿಸುವ ಅರಿವೂ ನಿಧಾನವಾಗಿಯೇ ಬರುತ್ತದೆ. ಎರಡನೇ ತರಗತಿಗೇ ‘ಅಕ್ಷರ ಮುಗಿಯಿತು’ ಎಂದು ಪುಸ್ತಕ ಮಡಚಿಡುವ ನಮ್ಮ ಅವಸರಕ್ಕೆ ಇದು ಉತ್ತರ.

ಒತ್ತಕ್ಷರವನ್ನೇ ತೆಗೆದುಕೊಳ್ಳಿ. ‘ಶಕ್ತಿ’ ಎಂದು ಬರೆದು ನೋಡಿ. ಗುಡಿಸು ಕೂತಿರುವುದು ಮೇಲಿನ ‘ಕ’ದ ಮೇಲೆ, ದನಿ ಸೇರಬೇಕಾದ್ದು ಕೆಳಗಿನ ‘ತ’ಕ್ಕೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದರೆ ‘ಶಕಿತ’ ಆಗುತ್ತದೆ. ಹಾಗೆ ಓದಿದ ಮಗು ಕಂಡದ್ದನ್ನೇ ಓದಿದೆ! ‘ಸೂರ್ಯ’ವನ್ನು ಅರ್ಕಾವೊತ್ತಿನಲ್ಲಿ ಬರೆದರೆ ಮೊದಲು ನುಡಿಯಬೇಕಾದ ‘ರ್’ ಕೊನೆಯಲ್ಲಿ ಕೂರುತ್ತದೆ. ಇವುಗಳ ಗುಟ್ಟನ್ನು ಹೆಚ್ಚಿನ ಮಕ್ಕಳು ಹೇಳಿಕೊಡದೆಯೇ ಕಂಡುಕೊಳ್ಳುತ್ತಾರೆ. ಡಿಸ್ಲೆಕ್ಸಿಯಾ ಇರುವ ಮಗು ಕಂಡುಕೊಳ್ಳುವುದಿಲ್ಲ, ಅದಕ್ಕೆ ಬಾಯಿಬಿಟ್ಟು ಹೇಳಬೇಕು. ನನ್ನ ಅನುಭವದಲ್ಲಿ ಇಷ್ಟನ್ನು ಹೇಳಿಕೊಟ್ಟರೇ ಕೆಲವು ಮಕ್ಕಳ ಮುಖ ಅರಳುತ್ತದೆ, ಯಾಕೆಂದರೆ ಅದುವರೆಗೆ ಯಾರೂ ಹೇಳಿರುವುದಿಲ್ಲ.

ಅಂಥ ಮಗುವಿನ ಪಕ್ಕ ಕೂತು ಕೇಳಿ. ಪುಸ್ತಕದಲ್ಲಿ ‘ಪುಟ್ಟಿ ಕಿಟಕಿಯ ಹತ್ತಿರ ನಿಂತು ಮಳೆ ನೋಡಿದಳು’ ಎಂದಿದೆ. ಮಗು ಓದುತ್ತದೆ: ‘ಪು... ಪುಟಿ... ಪುಟ್ಟಿ. ಕಿ... ಟ... ಕಿ... ಕಿಟಕಿಯ. ಹ... ಹತಿರ. ನಿಂತಳು...’ ‘ನಿಂತು’ ಹೋಗಿ ‘ನಿಂತಳು’ ಆಯಿತು, ಅದು ಊಹೆ. ಊಹೆ ಜಾಣತನದ್ದೇ, ವಾಕ್ಯದ ಜಾಡು ಹಿಡಿದೇ ಹೇಳಿದ್ದು. ‘ನೋಡಿದಳು’ ತಲುಪುವಷ್ಟರಲ್ಲಿ ಬೆವರು ಬಂದಿರುತ್ತದೆ, ಯಾರು ಎಲ್ಲಿ ನಿಂತರು ಎನ್ನುವುದು ಮರೆತುಹೋಗಿರುತ್ತದೆ. ಗಮನಿಸಬೇಕಾದ್ದು ಅದರ ಮುಂದಿನ ಸಾಲು. ಅಲ್ಲಿ ಮತ್ತೆ ‘ಕಿಟಕಿ’ ಬರುತ್ತದೆ. ಮಗು ಮತ್ತೆ ‘ಕಿ... ಟ...’ ಎಂದೇ ಶುರು ಮಾಡುತ್ತದೆ. ಅಪ್ಪನೋ ಅಮ್ಮನೋ ತಾಳ್ಮೆ ಕಳೆದುಕೊಳ್ಳುವುದು ಇಲ್ಲಿಯೇ: ‘ಈಗ ತಾನೇ ಓದಿದೆಯಲ್ಲ!’ ಹೌದು, ಈಗ ತಾನೇ ಓದಿದೆ. ಆದರೆ ನಮಗೆ ಒಂದು ಪದ ಕೆಲವೇ ಸಲ ಬಿಡಿಸಿ ಓದಿದ ಮೇಲೆ ದನಿ, ಆಕಾರ, ಅರ್ಥ ಮೂರೂ ಅಂಟಿಕೊಂಡು ಇಡಿಯಾಗಿ ನೆನಪಿನಲ್ಲಿ ಉಳಿದುಬಿಡುತ್ತದೆ. ಈ ಮಗುವಿಗೆ ಆ ಅಂಟು ಹಿಡಿಯಲು ಎಷ್ಟೋ ಪಾಲು ಹೆಚ್ಚು ಸಲ ಬೇಕು. ಅಸಡ್ಡೆಯಿಂದ ಮರೆತದ್ದಲ್ಲ ಅದು.

ಕೆಲವು ನಂಬಿಕೆಗಳನ್ನು ಬೇಗ ಮುಗಿಸಿಬಿಡುತ್ತೇನೆ. ಅಕ್ಷರ ತಿರುಗಿಸಿ ಬರೆಯುವುದು ಏಳು ವರ್ಷದವರೆಗೆ ಬಹಳಷ್ಟು ಮಕ್ಕಳಲ್ಲಿ ಇರುತ್ತದೆ, ಅದೊಂದರಿಂದ ಏನನ್ನೂ ತೀರ್ಮಾನಿಸಬೇಡಿ. ಬಣ್ಣದ ಕನ್ನಡಕ, ಕಣ್ಣಿನ ಕಸರತ್ತು ಇವುಗಳಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಖಂಡಿತ ಮಾಡಿಸಿ, ಬೇರೆ ತೊಂದರೆ ಇದ್ದರೆ ತಿಳಿಯಲಿ. ಅಲ್ಲಿಗೆ ನಿಲ್ಲಬೇಡಿ. ಬುದ್ಧಿಮಟ್ಟ ಹೆಚ್ಚಿದ್ದು ಓದು ಕಡಿಮೆಯಿದ್ದರೆ ಮಾತ್ರ ಡಿಸ್ಲೆಕ್ಸಿಯಾ ಎನ್ನುವ ಹಳೆಯ ಅಳತೆಯನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೇ ಕೈಬಿಟ್ಟಿದೆ. ‘ಇಂಥವರೆಲ್ಲ ಮಹಾ ಪ್ರತಿಭಾವಂತರು’ ಎಂಬ ಸಮಾಧಾನದ ಮಾತೂ ನನಗೆ ಹಿಡಿಸುವುದಿಲ್ಲ. ಕೆಲವರು ಪ್ರತಿಭಾವಂತರು, ಬಹಳ ಮಂದಿ ನಮ್ಮ ನಿಮ್ಮಂಥವರು. ಓದು ಕಲಿಯುವ ಹಕ್ಕು ಪಡೆಯಲು ಐನ್‌ಸ್ಟೈನ್ ಆಗಬೇಕಿಲ್ಲ.

ಎಷ್ಟು ಮಕ್ಕಳಿಗೆ ಇರಬಹುದು? ಸಾಮಾನ್ಯವಾಗಿ ಹೇಳುವ ಲೆಕ್ಕ ಶೇ. 5ರಿಂದ 10. ಅಂದರೆ ಪ್ರತಿ ತರಗತಿಯಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. ಕುಟುಂಬದಲ್ಲಿ ಹರಿದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಇರುವ ಸಾಧ್ಯತೆ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಿಲ್ಲ. ‘ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಆಮೇಲೆ ಸರಿಹೋಯಿತು’ ಎಂದು ತಂದೆ ಹೇಳಿದರೆ ಅದನ್ನು ಸಮಾಧಾನವೆಂದು ತಿಳಿಯಬೇಡಿ, ಮುನ್ಸೂಚನೆ ಎಂದು ತಿಳಿಯಿರಿ. ಗಂಡುಮಕ್ಕಳು ಗಲಾಟೆ ಮಾಡಿ ಬೇಗ ಕಣ್ಣಿಗೆ ಬೀಳುತ್ತಾರೆ. ಹೆಣ್ಣುಮಕ್ಕಳು ತಲೆತಗ್ಗಿಸಿ ಪಕ್ಕದವರದನ್ನು ನಕಲು ಮಾಡಿಕೊಂಡು ಅಂದದ ಅಕ್ಷರದಲ್ಲಿ ವರ್ಷಗಟ್ಟಲೆ ದಾಟಿಬಿಡುತ್ತಾರೆ.

ಮಾತು ತಡವಾಗಿ ಬಂದದ್ದು, ಪ್ರಾಸದ ಪದಗಳು ಹೊಳೆಯದಿರುವುದು, ವಾರದ ಹೆಸರುಗಳ ಸಾಲು ಕಲಸಿಹೋಗುವುದು, ವರ್ಷವಿಡೀ ಕಲಿಸಿದರೂ ಅಕ್ಷರ ನಿಲ್ಲದಿರುವುದು, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕಾಯಬೇಡಿ. ಡಿಸ್ಲೆಕ್ಸಿಯಾ ಇದೆ ಎಂಬ ಪ್ರಮಾಣಪತ್ರ ಬರುವವರೆಗೂ ಕಾಯಬೇಕಿಲ್ಲ, ಕಲಿಸುವ ಕ್ರಮವನ್ನು ಇವತ್ತೇ ಬದಲಿಸಬಹುದು. ಚೆನ್ನಾಗಿ ಓದುವವರು ಹೆಚ್ಚು ಓದುತ್ತಾರೆ, ಹೆಚ್ಚು ಓದಿ ಪದಸಂಪತ್ತು ಬೆಳೆಸಿಕೊಳ್ಳುತ್ತಾರೆ. ಓದು ಕಷ್ಟವಾದವರು ಪುಸ್ತಕದಿಂದ ದೂರವಾಗುತ್ತಾರೆ. ಹಾಗಾಗಿ ಒಂದು ವರ್ಷದ ಅಂತರ ಒಂದು ವರ್ಷದ್ದಾಗಿಯೇ ಉಳಿಯುವುದಿಲ್ಲ.

ಹೇಗೆ ಕಲಿಸುವುದು? ಮೊದಲು, ಕಾಗುಣಿತದ ರಾಗ ನಿಲ್ಲಿಸಿ. ‘ಕ ಕಾ ಕಿ ಕೀ’ ಎಂದು ಹಾಡಿನಂತೆ ಒಪ್ಪಿಸುವ ಮಗುವಿಗೆ ನಡುವಿನಿಂದ ‘ಕೇ’ ತೋರಿಸಿದರೆ ಮೊದಲಿನಿಂದ ಗುನುಗಿಕೊಂಡು ಬಂದು ಹೇಳುತ್ತದೆ. ಅದಕ್ಕೆ ಬಂದಿರುವುದು ಸಾಲು, ಅಕ್ಷರವಲ್ಲ. ಯಾವಾಗಲೂ ಕ್ರಮ ತಪ್ಪಿಸಿ ಕೇಳಿ. ತಪ್ಪಾದ ಪದವನ್ನು ಇಪ್ಪತ್ತು ಸಲ ಕಾಪಿ ಬರೆಸುವುದನ್ನೂ ಬಿಡಿ. ಮೂರನೆಯ ಸಲಕ್ಕೆ ಕೈ ಮಾತ್ರ ಓಡುತ್ತಿರುತ್ತದೆ.

ಒಂದು ಪಾಠ ಹೀಗಿರಬಹುದು. ಮೊದಲ ಐದು ನಿಮಿಷ ಪುಸ್ತಕವಿಲ್ಲ, ಬರೀ ಕಿವಿ. ‘ಮರಿ’ಯ ಕೊನೆಯಲ್ಲಿ ಏನು ಕೇಳಿಸುತ್ತದೆ? ‘ಮಾ, ಮಿ, ಮು’ ಮೂರರಲ್ಲೂ ಒಂದೇ ಆಗಿರುವುದು ಏನು? ತುಟಿ ಮುಚ್ಚುವುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ. ಆಮೇಲೆ ಅಕ್ಷರದ ಬಿಲ್ಲೆಗಳು, ಸ್ವರಚಿಹ್ನೆಗಳು ಬೇರೆ ಬಣ್ಣದವು. ‘ಮರ’ ಜೋಡಿಸಿ. ಒಂದನ್ನೇ ಬದಲಿಸಿ ‘ಮರಿ’ ಮಾಡು. ಇನ್ನೊಂದು ಬದಲಿಸಿ ‘ಮಾರಿ’. ಈಗ ‘ಮಾರು’. ಈಗ ‘ಮೂರು’. ಈಗ ‘ನೂರು’. ಪ್ರತಿ ಹೆಜ್ಜೆಯಲ್ಲೂ ಎಲ್ಲಿ ಬದಲಾಯಿತು ಎಂದು ಮಗುವೇ ಹೇಳಬೇಕು, ಹೇಳುತ್ತಲೇ ಬರೆಯಬೇಕು. ನಡುವೆ ‘ಲೂರು’ ಎಂಬಂಥ ಅರ್ಥವಿಲ್ಲದ ಪದವನ್ನೂ ಸೇರಿಸಿ, ಅಲ್ಲಿ ಊಹೆ ನಡೆಯುವುದಿಲ್ಲ. ಒತ್ತಕ್ಷರಕ್ಕೆ ‘ಕತೆ-ಕತ್ತೆ’, ‘ಬಳಿ-ಬಳ್ಳಿ’ಯಂಥ ಜೋಡಿಗಳು ಒಳ್ಳೆಯವು, ಒತ್ತು ಬಿಟ್ಟರೆ ಅರ್ಥವೇ ಬದಲಾಗುವುದರಿಂದ ಮಗುವಿಗೆ ತಪ್ಪು ತಾನಾಗಿ ಗೊತ್ತಾಗುತ್ತದೆ. ಕೊನೆಗೆ ನಾಲ್ಕು ಸಾಲು ಓದು. ಅದರಲ್ಲಿ ಇದುವರೆಗೆ ಕಲಿತ ಅಕ್ಷರಗಳಷ್ಟೇ ಇರಲಿ. ಚಿತ್ರ ನೋಡಿ ಪದ ಹೇಳು ಎನ್ನಬೇಡಿ. ಎರಡು ಸಾಲು ಉಕ್ತಲೇಖನ, ಮುಗಿಯಿತು. ದಿನಾ ಇಪ್ಪತ್ತು ನಿಮಿಷ, ಭಾನುವಾರದ ಎರಡು ಗಂಟೆಗಿಂತ ಎಷ್ಟೋ ವಾಸಿ.

ಇದು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ತಪ್ಪುಗಳು ಮೊದಲು ಕಡಿಮೆಯಾಗುತ್ತವೆ, ವೇಗ ಬಹಳ ತಡವಾಗಿ ಬರುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೂ ಪೂರ್ತಿ ಬರುವುದಿಲ್ಲ. ಅದಕ್ಕೇ ಓದು ಬರುವವರೆಗೆ ಜ್ಞಾನ ಕಾಯುವಂತೆ ಮಾಡಬೇಡಿ. ಮಗುವಿಗೆ ಅದರ ವಯಸ್ಸಿನ ಕತೆ, ವಿಜ್ಞಾನ, ಚರಿತ್ರೆಯನ್ನು ನೀವು ಓದಿ ಹೇಳಿ, ಆಡಿಯೊ ಪುಸ್ತಕ ಕೇಳಿಸಿ. ಅದು ಮೋಸವಲ್ಲ. ಓದಿದ್ದು ಅರ್ಥವಾಗಲು ಅಕ್ಷರ ಬಿಡಿಸುವ ಶಕ್ತಿ ಎಷ್ಟು ಮುಖ್ಯವೋ ಭಾಷೆಯ ತಿಳಿವಳಿಕೆಯೂ ಅಷ್ಟೇ ಮುಖ್ಯ. ಎರಡನೆಯದು ಕಿವಿಯ ಮೂಲಕ ಬೆಳೆಯುತ್ತಲೇ ಇರಲಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರಶ್ನೆ ಓದಿ ಹೇಳುವವರು, ಬರೆದುಕೊಡುವವರು, ಇವು ರಿಯಾಯಿತಿ ಅಂತ ಕೊಡುವಂಥವಲ್ಲ. ಚರಿತ್ರೆಯ ಪರೀಕ್ಷೆ ಅಳೆಯಬೇಕಾದ್ದು ಚರಿತ್ರೆಯನ್ನು.

ಸಭೆಯಿಂದ ಎರಡು ಪ್ರಶ್ನೆ ಬಂದಿವೆ. ಒಂದು: ‘ಎರಡು ಭಾಷೆ ಕಲಿಸುವುದರಿಂದಲೇ ಹೀಗಾಗುತ್ತದೆಯೇ?’ ಇಲ್ಲ. ಎರಡು ಭಾಷೆ ಡಿಸ್ಲೆಕ್ಸಿಯಾ ತರುವುದಿಲ್ಲ, ಆದರೆ ಲಿಪಿಗೆ ತಕ್ಕಂತೆ ಅದರ ತೀವ್ರತೆ ಬೇರೆಯಾಗಿ ಕಾಣಬಹುದು. 1999ರಲ್ಲಿ ವರದಿಯಾದ ಒಬ್ಬ ಹುಡುಗ ಜಪಾನಿ ಭಾಷೆಯನ್ನು ಚೆನ್ನಾಗಿ ಓದುತ್ತಿದ್ದ, ಇಂಗ್ಲಿಷಿನಲ್ಲಿ ಮಾತ್ರ ತೀರಾ ಹಿಂದಿದ್ದ. ನಿಮ್ಮ ಮಗು ಕನ್ನಡವನ್ನು ನಿಧಾನವಾಗಿ ಸರಿಯಾಗಿ ಓದಿ ಇಂಗ್ಲಿಷಿನಲ್ಲಿ ಕುಸಿದರೆ, ಅದು ಇಂಗ್ಲಿಷ್ ಮೇಲಿನ ಅಸಡ್ಡೆಯಲ್ಲ. ಮಗು ಚೆನ್ನಾಗಿ ಮಾತಾಡುವ ಭಾಷೆಯಲ್ಲಿ ಮೊದಲು ಓದು ಗಟ್ಟಿಮಾಡಿ. ದನಿ ಬಿಡಿಸುವ ಗುಟ್ಟು ಒಂದರಲ್ಲಿ ಸಿಕ್ಕರೆ ಇನ್ನೊಂದಕ್ಕೂ ನೆರವಾಗುತ್ತದೆ.

ಎರಡನೆಯದು ಶಿಕ್ಷಕಿಯೊಬ್ಬರದು: ‘ತರಗತಿಯಲ್ಲಿ ನಲವತ್ತು ಮಕ್ಕಳು. ಒಬ್ಬಳಿಗಾಗಿ ನಾನು ಸಮಯ ಎಲ್ಲಿಂದ ತರಲಿ?’ ನ್ಯಾಯವಾದ ಪ್ರಶ್ನೆ. ಸಮಯ ಬೇಡದ ಕೆಲಸಗಳನ್ನು ಹೇಳುತ್ತೇನೆ. ಪ್ರಶ್ನೆಪತ್ರಿಕೆಯನ್ನು ಇಡೀ ತರಗತಿಗೆ ಒಮ್ಮೆ ಓದಿ ಹೇಳಿ, ಯಾರಿಗೂ ನಷ್ಟವಿಲ್ಲ. ವಿಷಯಕ್ಕೆ ಅಂಕ ಕೊಡುವಾಗ ಕಾಗುಣಿತಕ್ಕೆ ಕಡಿತ ಬೇಡ. ಬೋರ್ಡಿನಿಂದ ನಕಲು ಮಾಡಿಕೊಳ್ಳುವ ಬದಲು ಅವಳಿಗೆ ಗೆಳತಿಯ ಟಿಪ್ಪಣಿಯ ಪ್ರತಿ ಸಿಗಲಿ. ‘ಶಕ್ತಿ’ಯ ಗುಡಿಸಿನ ಗುಟ್ಟನ್ನು ಎಲ್ಲರಿಗೂ ಒಟ್ಟಿಗೇ ಹೇಳಿ, ನಲವತ್ತರಲ್ಲಿ ಹತ್ತು ಮಂದಿಗಾದರೂ ಅದು ಬೇಕಾಗಿರುತ್ತದೆ. ಮತ್ತೆ, ಅವಳನ್ನು ಥಟ್ಟನೆ ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದು ಅನ್ನಬೇಡಿ. ಹಾಗಂತ ಅವಳ ಸರದಿಯನ್ನು ತಪ್ಪಿಸಲೂ ಬೇಡಿ, ಅದು ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ಓದಬೇಕಾದ ಪ್ಯಾರಾಕ್ಕೆ ಇವತ್ತೇ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡಿ. ಮನೆಯಲ್ಲಿ ನಾಲ್ಕೈದು ಸಲ ಓದಿಕೊಂಡು ಬರುತ್ತಾಳೆ. ಅವಳಿಗೆ ಬೇಕಾಗಿದ್ದ ಅಭ್ಯಾಸವೂ ಅದೇ.